5, 4, -4, -½: ಈ ಉತ್ತರ ತಪ್ಪಾ?

ಪ್ರಶ್ನೆ: ಸರ್, ನಮಸ್ಕಾರ. ನಾನು ಜಮಖಂಡಿ ತಾಲ್ಲೂಕಿನ ಕಬ್ಬು ಬೆಳೆಗಾರ. ಮಗಳು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ, ಒಳ್ಳೆ ಮಾರ್ಕ್ಸ್ ತೆಗೆದಿದ್ದಳು. ಈಗ ಪಿಯುಸಿ ಮೊದಲ ವರ್ಷ, ಸೈನ್ಸ್. ಕೆಮಿಸ್ಟ್ರಿ ಟೆಸ್ಟಿನಲ್ಲಿ ಕ್ವಾಂಟಮ್ ನಂಬರ್ ಪ್ರಶ್ನೆ ಬಂದಿದ್ದವು, ಮೂರರಲ್ಲಿ ಮಾರ್ಕ್ಸ್ ಹೋಗಿದೆ. 5, 4, -4, -½ ಇರಲು ಸಾಧ್ಯ ಅಂತ ಬರೆದಳು. ‘ಜಿ ಅನ್ನೋ ಸಬ್‌ಶೆಲ್ಲೇ ಇಲ್ಲ’ ಅಂತ ಕಾಟು ಹೊಡೆದಿದ್ದಾರೆ. ಪೊಟ್ಯಾಸಿಯಂನ 19ನೇ ಎಲೆಕ್ಟ್ರಾನಿಗೆ 3, 2, -2, +½ ಅಂತ ಬರೆದಳು, ಅದೂ ತಪ್ಪಂತೆ. ಹೈಡ್ರೋಜನ್ನಿನ ಎಲೆಕ್ಟ್ರಾನಿಗೆ ಕೊನೆಯಲ್ಲಿ +½ ಬದಲು -½ ಹಾಕಿದ್ದಕ್ಕೆ ಅರ್ಧ ಮಾರ್ಕು ಹೋಯಿತು. ನಿಯಮ ಎಲ್ಲ ಬಾಯಿಪಾಠ ಬರ್ತದೆ, ಆದರೂ ತಪ್ಪಾಗ್ತದೆ ಅಂತ ಅಳ್ತಾಳೆ. ವಿಜಯಪುರದಲ್ಲಿ ಹಾಸ್ಟೆಲ್ ಇರೋ ಕೋಚಿಂಗಿಗೆ ಹಾಕಲಾ, ಇಲ್ಲ ಆರ್ಟ್ಸಿಗೆ ಬದಲಾಯಿಸಲಾ? ನನಗೆ ಇದರ ಗಂಧಗಾಳಿ ಇಲ್ಲ. ನನಗೂ ತಿಳಿಯೋ ಹಾಗೆ ಹೇಳಿ.

ಉತ್ತರ: ಮಗಳನ್ನು ಕರೆದು ಮೊದಲು ಇಷ್ಟು ಹೇಳಿಬಿಡಿ: 5, 4, -4, -½ ಸರಿ. ಅರ್ಧಂಬರ್ಧ ಅಲ್ಲ, ಪೂರ್ತಿ ಸರಿ. ಹೈಡ್ರೋಜನ್ ಉತ್ತರವೂ ತಪ್ಪಲ್ಲ. ಪೊಟ್ಯಾಸಿಯಂದು ಮಾತ್ರ ನಿಜವಾಗಿಯೂ ತಪ್ಪು, ಅದೂ ನಿಯಮ ಮುರಿದ ತಪ್ಪಲ್ಲ. ಕೇಳಿದ್ದು ಒಂದು, ಅವಳು ಉತ್ತರಿಸಿದ್ದು ಇನ್ನೊಂದು.

ವಿಜಯಪುರ, ಬಾಗಲಕೋಟೆ ಎರಡೂ ಜಿಲ್ಲೆಗಳ ಪಿಯು ಕಾಲೇಜುಗಳಲ್ಲಿ ನಾನು ಕೆಮಿಸ್ಟ್ರಿ ಪಾಠ ಮಾಡಿದ್ದೇನೆ. ನಿಯಮ ಬರದೆ ಈ ಪಾಠದಲ್ಲಿ ಮಾರ್ಕ್ಸ್ ಕಳೆದುಕೊಂಡವರನ್ನು ನಾನು ಕಂಡದ್ದು ಕಡಿಮೆ. ನಿಯಮ ಇರೋದೇ ನಾಲ್ಕು, ಒಂದು ಸಂಜೆಯಲ್ಲಿ ಬಾಯಿಪಾಠ ಆಗುತ್ತದೆ. ಮಕ್ಕಳು ಎಡವುವುದು ಬೇರೆ ಕಡೆ. ಈ ಪಾಠದಲ್ಲಿ ಮೂರು ಬೇರೆ ಬೇರೆ ಪ್ರಶ್ನೆ ಇವೆ: ಇಂಥ ಎಲೆಕ್ಟ್ರಾನ್ ಇರಬಹುದಾ? ಇಂಥ ಎರಡು ಜೊತೆಗೆ ಇರಬಹುದಾ? ಈ ಪರಮಾಣುವಿನಲ್ಲಿ ಈಗ ಅದು ಅಲ್ಲಿ ಇದೆಯಾ? ಇಂಗ್ಲಿಷಿನಲ್ಲಿ ‘ಪರ್ಮಿಸಿಬಲ್’, ‘ಪಾಸಿಬಲ್’, ‘ಗ್ರೌಂಡ್ ಸ್ಟೇಟ್’ (ಅತಿ ಕಡಿಮೆ ಶಕ್ತಿಯ ಸ್ಥಿತಿ) ಅಂತ ಒಂದೊಂದು ಪದದಲ್ಲಿ ಪ್ರಶ್ನೆ ಬದಲಾಗಿಬಿಡುತ್ತದೆ. ಹತ್ತನೇ ತನಕ ಕನ್ನಡದಲ್ಲಿ ಓದಿದ ಹುಡುಗಿಗೆ ಅದು ಕಣ್ಣಿಗೆ ಬೀಳುವುದಿಲ್ಲ. ಅವಳಿಗೆ ಕಾಣುವುದು ನಾಲ್ಕು ಅಂಕಿ ಮಾತ್ರ.

ಇನ್ನು ನಿಮಗೆ ತಿಳಿಯುವ ಹಾಗೆ ಹೇಳುತ್ತೇನೆ. ಪರಮಾಣುವಿನೊಳಗಿನ ಪ್ರತಿ ಎಲೆಕ್ಟ್ರಾನಿಗೂ ನಾಲ್ಕು ಸಂಖ್ಯೆ. ಮೊದಲನೆಯದು ಎನ್, ಅದು ಯಾವ ಶೆಲ್, ಅಂದರೆ ಯಾವ ಪದರ ಅನ್ನುವುದು: 1, 2, 3 ಹೀಗೆ. ಎರಡನೆಯದು ಎಲ್, ಎಲೆಕ್ಟ್ರಾನಿನ ಅಲೆಯ ಆಕಾರ (ಅಲೆ ಯಾಕೆ ಅಂತ ಮುಂದೆ ಹೇಳುತ್ತೇನೆ): 0 ಯಿಂದ ಶುರುವಾಗಿ ಎನ್‌ಗಿಂತ ಒಂದು ಕಡಿಮೆ ತನಕ. ಎಲ್ 0 ಆದರೆ ಎಸ್, 1 ಆದರೆ ಪಿ, 2 ಡಿ, 3 ಎಫ್, 4 ಜಿ. ಇವಕ್ಕೇ ಸಬ್‌ಶೆಲ್ ಅನ್ನುತ್ತಾರೆ. ಮೂರನೆಯದು ಎಂ, ಆ ಆಕಾರ ಯಾವ ದಿಕ್ಕಿಗಿದೆ ಅನ್ನುವುದು: ಮೈನಸ್ ಎಲ್‌ನಿಂದ ಪ್ಲಸ್ ಎಲ್ ತನಕ. ನಾಲ್ಕನೆಯದು ಸ್ಪಿನ್: +½ ಅಥವಾ -½, ಅಷ್ಟೇ.

ಇದನ್ನು ಎಲ್ಲರೂ ವಿಳಾಸದ ಉದಾಹರಣೆ ಕೊಟ್ಟು ಹೇಳುತ್ತಾರೆ. ಜಿಲ್ಲೆ, ತಾಲ್ಲೂಕು, ಊರು, ಮನೆ ನಂಬರು. ನಾನೂ ಹಲವು ವರ್ಷ ಹಾಗೇ ಹೇಳಿದೆ, ಆಮೇಲೆ ಬಿಟ್ಟುಬಿಟ್ಟೆ. ಮೂರನೇ ಓಣಿಯಲ್ಲಿ ಮನೆ ನಂಬರ್ 47 ಇರಬಾರದು ಅಂತ ಏನೂ ಇಲ್ಲವಲ್ಲ? ಹಾಗಾದರೆ ಎನ್ 3 ಇದ್ದಾಗ ಎಲ್ ಯಾಕೆ 3 ಆಗಬಾರದು? ವಿಳಾಸದ ಉದಾಹರಣೆ ಇದಕ್ಕೆ ಬಾಯಿ ಬಿಡುವುದಿಲ್ಲ. ಕಾರಣ ಗೊತ್ತಿಲ್ಲದ ನಿಯಮ ಪರೀಕ್ಷೆ ಹಾಲಿನಲ್ಲಿ ಕೈ ಕೊಡುತ್ತದೆ.

ಕಾರಣ ಹಲಗೆಯಲ್ಲಿದೆ. ಹೋಳಿ ಬಂದರೆ ಬಾಗಲಕೋಟೆಯಲ್ಲಿ ಬಾರಿಸುತ್ತಾರಲ್ಲ, ಅದೇ ಹಲಗೆ. ತೊಗಲು ನಡುಗುವಾಗ ಎಲ್ಲ ಕಡೆ ಒಂದೇ ಸಮ ನಡುಗುವುದಿಲ್ಲ. ಕೆಲವು ಗೆರೆಗಳ ಮೇಲೆ ಅದು ಅಲ್ಲಾಡುವುದೇ ಇಲ್ಲ. ಕ್ಲಾಸಿನಲ್ಲಿ ನಾನು ಇದನ್ನು ತೋರಿಸುತ್ತಿದ್ದೆ. ಅಗಲ ಬಾಯಿಯ ಸ್ಟೀಲ್ ಡಬ್ಬಿಯೊಳಗೆ ಚಿಕ್ಕ ಬ್ಲೂಟೂತ್ ಸ್ಪೀಕರ್ ಇಡುವುದು, ಬಾಯಿಗೆ ದೊಡ್ಡ ಬಲೂನ್ ಕತ್ತರಿಸಿ ಬಿಗಿಯಾಗಿ ಕಟ್ಟುವುದು, ಮೇಲೆ ಒಂದು ಚಿಟಿಕೆ ಒಣ ರವೆ. ಮೊಬೈಲಿನಿಂದ ಒಂದೇ ಸ್ವರ ಹಚ್ಚಿ ನಿಧಾನಕ್ಕೆ ಏರಿಸುತ್ತ ಹೋದರೆ ರವೆ ಕುಣಿಯುತ್ತದೆ, ಚೆಲ್ಲಾಪಿಲ್ಲಿ ಆಗುತ್ತದೆ. ಯಾವುದೋ ಒಂದು ಸ್ವರಕ್ಕೆ ಬಂದಾಗ ಮಾತ್ರ ತಟಕ್ಕನೆ ಸರಿದು ಗೆರೆಯಾಗಿ ನಿಲ್ಲುತ್ತದೆ. ಕೆಲವು ಗೆರೆ ಬಳೆಯ ಹಾಗೆ ದುಂಡಗೆ. ಸ್ಪೀಕರನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಕೆಲವು ಗೆರೆ ನಡುವಿನಿಂದ ಹಾದು ಆ ಕಡೆ ಈ ಕಡೆ ಹೋಗುತ್ತವೆ. ಹಿಂದಿನ ಬೆಂಚಿನವರೂ ಎದ್ದು ಬರುತ್ತಿದ್ದ ಪಾಠ ಅದೊಂದೇ.

ಎಲೆಕ್ಟ್ರಾನ್ ಪರಮಾಣುವಿನೊಳಗೆ ಗುಂಡಿನ ಹಾಗೆ ಸುತ್ತುವುದಿಲ್ಲ, ಅಲೆಯ ಹಾಗೆ ಹರಡಿರುತ್ತದೆ. 1926ರಲ್ಲಿ ವಿಜ್ಞಾನಿ ಶ್ರೋಡಿಂಗರ್ ಆ ಅಲೆಗೆ ಸಮೀಕರಣ ಬರೆದರು. ಆ ಅಲೆಗೂ ಅಲ್ಲಾಡದ ಜಾಗಗಳಿವೆ, ಅವಕ್ಕೆ ನೋಡ್ ಅನ್ನುತ್ತಾರೆ. ಬಲೂನಿನ ಮೇಲೆ ಗೆರೆ ಇದ್ದದ್ದು ಪರಮಾಣುವಿನಲ್ಲಿ ಚೆಂಡಿನ ಹೊದಿಕೆಯ ಹಾಗೆ, ಇಲ್ಲವೇ ನ್ಯೂಕ್ಲಿಯಸ್ (ನಟ್ಟನಡುವಿನ ತಿರುಳು) ಮೂಲಕ ಹಾದುಹೋಗುವ ತಟ್ಟೆಯ ಹಾಗೆ ಇರುತ್ತದೆ. ಈಗ ಗುಟ್ಟು: ಒಟ್ಟು ನೋಡ್‌ಗಳು ಎಷ್ಟೋ ಅದಕ್ಕೆ ಒಂದು ಸೇರಿಸಿದರೆ ಎನ್. ಅದರಲ್ಲಿ ನಡುವಿನಿಂದ ಹಾದುಹೋಗುವವು ಎಷ್ಟೋ ಅಷ್ಟು ಎಲ್. ಉಳಿದದ್ದು ಚೆಂಡಿನ ಆಕಾರದವು.

3ಎಸ್ ತಗೊಳ್ಳಿ, ಅಂದರೆ ಎನ್ 3, ಎಲ್ 0. ಒಟ್ಟು ನೋಡ್ ಎರಡು, ಎರಡೂ ಚೆಂಡಿನ ಆಕಾರ. 3ಪಿ: ಒಂದು ಇದು, ಒಂದು ಅದು. 3ಡಿ: ಎರಡೂ ನಡುವಿನಿಂದ ಹಾದುಹೋಗುವವು. ಅಲ್ಲಿಗೆ ಲೆಕ್ಕ ಮುಗಿಯಿತು. ಎನ್ 3, ಎಲ್ 3 ಅಂದರೆ ಬುಟ್ಟಿಯಲ್ಲಿ ಇರೋದು ಎರಡು ರೊಟ್ಟಿ, ಬಡಿಸಿದ್ದು ಮೂರು ಅಂದ ಹಾಗೆ. ಎಲ್ ಯಾವಾಗಲೂ ಎನ್‌ಗಿಂತ ಕಡಿಮೆ ಇರಲೇಬೇಕು ಅನ್ನುವುದು ಮೇಲಿನಿಂದ ಯಾರೋ ಹೊರಡಿಸಿದ ಆದೇಶ ಅಲ್ಲ. ಎಣಿಕೆಯೇ ಹಾಗಿದೆ.

ಎಂ ಯಾಕೆ ಪೂರ್ಣ ಸಂಖ್ಯೆ? ಬಳೆಯ ಮೇಲೆ ಸುತ್ತಲೂ ಅಲೆಯ ಚಿತ್ರ ಕೊರೆಯುವುದನ್ನು ನೆನೆಸಿಕೊಳ್ಳಿ. ಒಂದು ಸುತ್ತಿಗೆ ಎರಡು ಅಲೆ, ಮೂರು ಅಲೆ ಹಾಕಬಹುದು. ಎರಡೂಕಾಲು ಅಲೆ ಹಾಕಿದರೆ ಶುರುವಾದಲ್ಲಿಗೆ ಬಂದಾಗ ಕೂಡುವುದಿಲ್ಲ, ಬಳೆ ಒಡೆದು ಹಚ್ಚಿದ ಹಾಗೆ ಕಾಣುತ್ತದೆ. ಎಲೆಕ್ಟ್ರಾನಿನ ಅಲೆಯೂ ಒಂದು ಸುತ್ತು ಬಂದು ತನ್ನ ಬಾಲಕ್ಕೆ ತಾನೇ ಸರಿಯಾಗಿ ಕೂಡಬೇಕು.

ಎಂ ಯಾಕೆ ಎಲ್‌ಗಿಂತ ಜಾಸ್ತಿ ಆಗಬಾರದು ಅನ್ನುವುದಕ್ಕೆ ನಾನು ಮೊದಲು ಕೋಲು ಮತ್ತು ನೆರಳಿನ ಉದಾಹರಣೆ ಕೊಡುತ್ತಿದ್ದೆ. ಕೋಲಿಗಿಂತ ಅದರ ನೆರಳು ಉದ್ದ ಇರುತ್ತದಾ ಅಂತ ಕೇಳಿದೆ ಒಮ್ಮೆ. ಹೊಲದಲ್ಲಿ ಬೆಳೆದ ಹುಡುಗ ಎದ್ದು ನಿಂತ. “ಸಂಜೀಮುಂದ ಇರ್ತೈತಲ್ರೀ ಸರ್!” ಇಡೀ ಕ್ಲಾಸು ನಕ್ಕಿತು. ನನ್ನ ಉದಾಹರಣೆ ಅಲ್ಲಿಗೇ ಮುಗಿಯಿತು. ಅವತ್ತಿನಿಂದ ಏಣಿ ಹಿಡಿದೆ. ಗೋಡೆಗೆ ಏಣಿ ಒರಗಿಸಿದರೆ, ಹೇಗೇ ಇಟ್ಟರೂ, ಅದರ ತುದಿ ಏಣಿಯ ಉದ್ದಕ್ಕಿಂತ ಮೇಲೆ ಹೋಗುವುದಿಲ್ಲ. ಎಲ್ ಅನ್ನುವುದು ಏಣಿಯ ಉದ್ದ ಹೇಳುತ್ತದೆ, ಎಂ ಅನ್ನುವುದು ತುದಿ ಮುಟ್ಟಿದ ಎತ್ತರ. ತಲೆಕೆಳಗಾದರೆ ಮೈನಸ್.

ಇಲ್ಲಿ ಒಂದು ಸೊಗಸಿದೆ. ಎಲ್ 1 ಆದಾಗ ಏಣಿಯ ನಿಜವಾದ ಉದ್ದ 1 ಅಲ್ಲ, 1 × 2ರ ವರ್ಗಮೂಲ, ಅಂದರೆ ಸುಮಾರು 1.41. ತುದಿ ಮುಟ್ಟುವ ಗರಿಷ್ಠ ಎತ್ತರ ಮಾತ್ರ 1. ಎಲ್ 2 ಆದಾಗ ಉದ್ದ 2 × 3ರ ವರ್ಗಮೂಲ, 2.45, ಎತ್ತರ 2. ಈ ಏಣಿ ಯಾವತ್ತೂ ಪೂರ್ತಿ ನೆಟ್ಟಗೆ ನಿಲ್ಲುವುದಿಲ್ಲ. ನಿಂತುಬಿಟ್ಟರೆ ಅದರ ಮೂರೂ ದಿಕ್ಕಿನ ಅಳತೆ ಒಟ್ಟಿಗೆ ನಮಗೆ ಸಿಕ್ಕಿಬಿಡುತ್ತದೆ, ಕ್ವಾಂಟಮ್ ಲೋಕ ಅದಕ್ಕೆ ಒಪ್ಪುವುದಿಲ್ಲ.

ಉಳಿದದ್ದು ಸ್ಪಿನ್. ಎಂ ಎಷ್ಟು ಬೆಲೆ ತಗೊಳ್ಳುತ್ತದೆ ಅಂತ ಎಣಿಸಿ ನೋಡಿ. ಎಲ್ 0 ಆದರೆ ಒಂದು, 1 ಆದರೆ ಮೂರು, 2 ಆದರೆ ಐದು. ಯಾವಾಗಲೂ ಬೆಸ ಸಂಖ್ಯೆ. ಆದರೆ 1922ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಬೆಳ್ಳಿಯ ಪರಮಾಣುಗಳನ್ನು ವಿಚಿತ್ರ ಆಕಾರದ ಆಯಸ್ಕಾಂತದ ನಡುವೆ ಹಾಯಿಸಿದಾಗ ಗಾಜಿನ ಮೇಲೆ ಗುರುತು ಬಿದ್ದದ್ದು ಎರಡು ಕಡೆ. ಎರಡು! ಬೆಳ್ಳಿಯ ಹೊರಗಿನ ಎಲೆಕ್ಟ್ರಾನ್ ಎಸ್‌ನಲ್ಲಿದೆ, ಅದರ ಲೆಕ್ಕದಲ್ಲಿ ಒಂದೇ ಗುರುತು ಬೀಳಬೇಕಿತ್ತು. ತಮಾಷೆ ಅಂದರೆ ಆಗ ಅವರಿಗೂ ಕಾರಣ ಹೊಳೆಯಲಿಲ್ಲ, ಎಲೆಕ್ಟ್ರಾನ್ ಸುತ್ತುವ ದಾರಿಗಳ ಬಗ್ಗೆ ವಿಜ್ಞಾನಿ ಬೋರ್ ಹೇಳಿದ್ದ ಸಿದ್ಧಾಂತ ಸರಿಯೆಂದು ಸಿಕ್ಕ ಪುರಾವೆ ಇದು ಅಂದುಕೊಂಡರು. 1925ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಎಂಬ ಇಬ್ಬರು ಹುಡುಗರು ಎಲೆಕ್ಟ್ರಾನಿಗೇ ಒಂದು ಸ್ಪಿನ್ ಇದೆ ಅಂದರು. ಹಿರಿಯ ವಿಜ್ಞಾನಿ ಲೊರೆಂಟ್ಜ್ ಲೆಕ್ಕ ಹಾಕಿ, ಎಲೆಕ್ಟ್ರಾನ್ ಹಾಗೆ ನಿಜವಾಗಿ ತಿರುಗಿದರೆ ಅದರ ಮೈ ಬೆಳಕಿಗಿಂತ ಜೋರಾಗಿ ಓಡಬೇಕಾಗುತ್ತದೆ ಅಂತ ತೋರಿಸಿದರು. ಇಬ್ಬರೂ ಹೆದರಿ ಲೇಖನ ವಾಪಸ್ ಪಡೆಯಲು ಹೊರಟರು. ಅವರ ಗುರು ಎರೆನ್‌ಫೆಸ್ಟ್ ಆಗಲೇ ಅಂಚೆಗೆ ಹಾಕಿಯಾಗಿತ್ತು. ನಮ್ಮ ಪುಣ್ಯ. ಹಾಗಾಗಿ ಸ್ಪಿನ್ ಅಂದರೆ ಬುಗುರಿ ತಿರುಗಿದ ಹಾಗೆ ಅಂತ ಮಗಳು ತಿಳಿಯುವುದು ಬೇಡ. ಹುಟ್ಟಿನಿಂದ ಬಂದ ಗುಣ ಅದು, ಆಯಸ್ಕಾಂತದ ಎದುರು ಎರಡೇ ರೀತಿ ತೋರುತ್ತದೆ. ಆ ಎರಡಕ್ಕೆ ನಾವಿಟ್ಟ ಹೆಸರು +½ ಮತ್ತು -½.

ಈಗ ಹೈಡ್ರೋಜನ್ನಿನ ಅರ್ಧ ಮಾರ್ಕು. ಮೊದಲ ಎಲೆಕ್ಟ್ರಾನಿಗೆ +½, ಆಮೇಲೆ ಬಂದವನಿಗೆ -½ ಅನ್ನುವುದು ಬರೀ ರೂಢಿ. ಬೋರ್ಡಿನ ಮೇಲೆ ಮೇಲ್ಮುಖ ಬಾಣ ಮೊದಲು ಬರೆಯುತ್ತೇವೆ ಅಷ್ಟೇ. ಒಂಟಿ ಎಲೆಕ್ಟ್ರಾನಿಗೆ ಎರಡೂ ಸರಿ. ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನೂ ಇದೇ ಕಾರಣಕ್ಕೆ ಒಬ್ಬಳ ಮಾರ್ಕು ಕತ್ತರಿಸಿದ್ದೆ. ಅವಳು ಕೇಳಲಿಲ್ಲ, ನಾನೂ ತಿದ್ದಲಿಲ್ಲ. ಈಗಲೂ ನೆನಪಾಗುತ್ತದೆ. ಆದರೆ ಒಂದು ಎಚ್ಚರಿಕೆ: ಪರೀಕ್ಷೆಯಲ್ಲಿ ರೂಢಿ ಮುರಿದು ಸಾಧಿಸುವುದು ಏನೂ ಇಲ್ಲ. ಮೊದಲನೆಯದಕ್ಕೆ ಸುಮ್ನೆ +½ ಬರೆಯಲಿ.

ಪಿಯ ಮೂರು ದಿಕ್ಕಿಗೆ ಪಿಎಕ್ಸ್, ಪಿವೈ, ಪಿಜೆಡ್ ಅಂತ ಹೆಸರು. ಅದರಲ್ಲಿ ಇದೇ ಜಾತಿಯ ಇನ್ನೊಂದು ತಪ್ಪು ನಂಬಿಕೆ: ಎಂ -1 ಅಂದರೆ ಪಿಎಕ್ಸ್, 0 ಅಂದರೆ ಪಿವೈ, +1 ಅಂದರೆ ಪಿಜೆಡ್. ಅಲ್ಲ. 0 ಅನ್ನುವುದು ಪಿಜೆಡ್. ಪಿಎಕ್ಸ್, ಪಿವೈ ಎರಡೂ +1 ಮತ್ತು -1ರ ಬೆರಕೆ. ಈಗ ಇಷ್ಟು ಸಾಕು.

ಎರಡನೇ ಪ್ರಶ್ನೆಗೆ, ಅಂದರೆ ‘ಜೊತೆಗಿರಬಹುದಾ?’ ಅನ್ನುವುದಕ್ಕೆ, 1925ರಲ್ಲಿ ವಿಜ್ಞಾನಿ ಪೌಲಿ ಉತ್ತರ ಕೊಟ್ಟರು. ಒಂದೇ ಪರಮಾಣುವಿನ ಯಾವ ಎರಡು ಎಲೆಕ್ಟ್ರಾನಿಗೂ ನಾಲ್ಕೂ ಸಂಖ್ಯೆ ಒಂದೇ ಇರುವುದಿಲ್ಲ. 1, 0, 0, +½ ಸರಿಯಾದ ಗುಂಪು. ಆದರೆ ಹೀಲಿಯಂನ ಎರಡೂ ಎಲೆಕ್ಟ್ರಾನಿಗೆ ಅದನ್ನೇ ಬರೆದರೆ ತಪ್ಪು. ಒಂದೊಂದಾಗಿ ನೋಡಿದರೆ ಸರಿ, ಜೊತೆಗಿಟ್ಟರೆ ತಪ್ಪು. ಬಹಳ ಮಕ್ಕಳು ಇಲ್ಲಿ ಜಾರುತ್ತಾರೆ.

ಪೊಟ್ಯಾಸಿಯಂ ಪ್ರಶ್ನೆ ಮೂರನೇ ಜಾತಿಯದು. 3, 2, -2, +½ ಎಲ್ಲ ನಿಯಮಕ್ಕೂ ಒಪ್ಪುತ್ತದೆ. ಅದು 3ಡಿಯಲ್ಲಿರುವ ಎಲೆಕ್ಟ್ರಾನ್, ಇರಬಹುದು. ಆದರೆ ಪೊಟ್ಯಾಸಿಯಂ ಸುಮ್ಮನೆ ಕೂತಿರುವಾಗ ಅದರ 19ನೇ ಎಲೆಕ್ಟ್ರಾನ್ ಅಲ್ಲಿಲ್ಲ, 4ಎಸ್‌ನಲ್ಲಿದೆ: 4, 0, 0, +½. ಮಗಳು ಯಾಕೆ 3ಡಿಗೆ ಹೋದಳು ಅಂತ ನಾನು ಊಹಿಸಬಲ್ಲೆ. ಮೂರನೇ ಶೆಲ್ಲಿನಲ್ಲಿ 18 ಹಿಡಿಸುತ್ತದೆ, ಅದು ತುಂಬದೆ ನಾಲ್ಕಕ್ಕೆ ಯಾಕೆ ಹೋಗಬೇಕು ಅಂತ ಯೋಚಿಸಿದ್ದಾಳೆ. ಹತ್ತನೇ ತರಗತಿಯಲ್ಲಿ ಪೊಟ್ಯಾಸಿಯಂಗೆ 2, 8, 8, 1 ಅಂತ ಬರೆದವಳೇ ಅವಳು. ಆಗ ಯಾರೂ ಕಾರಣ ಹೇಳಿರುವುದಿಲ್ಲ. ಕಾರಣ ಇಷ್ಟು: 4ಎಸ್‌ನ ಅಲೆ ಒಳಗಿನ 18 ಎಲೆಕ್ಟ್ರಾನುಗಳ ಗುಂಪಿನೊಳಗೂ ನುಸುಳಿ ನ್ಯೂಕ್ಲಿಯಸ್ಸಿನ ಹತ್ತಿರ ತನಕ ಹೋಗುತ್ತದೆ. ಹತ್ತಿರ ಹೋದಷ್ಟು ಸೆಳೆತ ಜಾಸ್ತಿ, ಶಕ್ತಿ ಕೆಳಗಿಳಿಯುತ್ತದೆ. 3ಡಿಯ ಅಲೆಗೆ ಹಾಗೆ ಒಳಗೆ ನುಗ್ಗಲು ಆಗುವುದಿಲ್ಲ.

ಈ ಕ್ರಮ ನೆನಪಿಡಲು ಎನ್ ಮತ್ತು ಎಲ್ ಕೂಡಿಸುವ ಉಪಾಯ ಇದೆ. 4ಎಸ್‌ಗೆ 4, 3ಡಿಗೆ 5. ಕಡಿಮೆ ಇದ್ದದ್ದು ಮೊದಲು ತುಂಬುತ್ತದೆ. ಸಮ ಬಂದರೆ ಎನ್ ಚಿಕ್ಕದಿದ್ದದ್ದು ಮೊದಲು. ಉಪಾಯ ಒಳ್ಳೆಯದೇ, ಆದರೆ ಇದು ತುಂಬುವ ಕ್ರಮ ಮಾತ್ರ. ‘ಇರಬಹುದಾ’ ಅನ್ನುವ ಪ್ರಶ್ನೆಗೆ ಇದನ್ನು ಬಳಸಬಾರದು. ಕ್ರೋಮಿಯಂ, ತಾಮ್ರ ಎರಡೂ ಈ ಕ್ರಮವನ್ನು ಕೊಂಚ ಮುರಿಯುತ್ತವೆ: ಕ್ರೋಮಿಯಂನಲ್ಲಿ 3ಡಿಯಲ್ಲಿ ಐದು, 4ಎಸ್‌ನಲ್ಲಿ ಒಂದು, ತಾಮ್ರದಲ್ಲಿ ಹತ್ತು ಮತ್ತು ಒಂದು. ಇನ್ನು ಹೈಡ್ರೋಜನ್ನಿನಲ್ಲಿ ಇರೋದೇ ಒಂದು ಎಲೆಕ್ಟ್ರಾನ್, ನುಸುಳಲು ಗುಂಪೇ ಇಲ್ಲ. ಅಲ್ಲಿ 3ಎಸ್, 3ಪಿ, 3ಡಿ ಮೂರರ ಶಕ್ತಿಯೂ ಒಂದೇ. ಪ್ರಶ್ನೆಯಲ್ಲಿ ‘ಹೈಡ್ರೋಜನ್’ ಅಂತ ಕಂಡರೆ ಕೂಡಿಸುವ ಉಪಾಯ ಬದಿಗಿಡಬೇಕು.

‘ಜಿ ಇಲ್ಲ’ ಅನ್ನುವ ಮಾತು ಎಲ್ಲಿಂದ ಬಂತು? ಇದುವರೆಗೆ ಗೊತ್ತಿರುವ 118 ಮೂಲವಸ್ತುಗಳಲ್ಲಿ ಯಾವುದರದ್ದೂ ಗ್ರೌಂಡ್ ಸ್ಟೇಟಿನಲ್ಲಿ ಜಿಯಲ್ಲಿ ಎಲೆಕ್ಟ್ರಾನ್ ಇಲ್ಲ. ಅದು ನಿಜ. ಅಲ್ಲಿಂದ ‘ಜಿಯೇ ಇಲ್ಲ’ ಅಂತ ಹಾರಿದ್ದಾರೆ. ಮೂರನೇ ಪ್ರಶ್ನೆಯ ಉತ್ತರವನ್ನು ಮೊದಲನೇ ಪ್ರಶ್ನೆಗೆ ಅಂಟಿಸಿದ್ದು, ಅಂದರೆ ನಿಮ್ಮ ಮಗಳು ಪೊಟ್ಯಾಸಿಯಂನಲ್ಲಿ ಮಾಡಿದ ತಪ್ಪನ್ನೇ ಉಲ್ಟಾ ಮಾಡಿದ್ದು. ಹೈಡ್ರೋಜನ್ನಿಗೆ ಸಾಕಷ್ಟು ಶಕ್ತಿ ಕೊಟ್ಟರೆ ಅದರ ಎಲೆಕ್ಟ್ರಾನ್ 5ಜಿಯಲ್ಲೂ ಇರಬಹುದು. ಮೊಬೈಲಿನ 5ಜಿಗೂ ಇದಕ್ಕೂ ಸಂಬಂಧ ಇಲ್ಲ, ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ.

ಇನ್ನು ಏನು ಮಾಡಬೇಕು. ನಿಯಮ ಬರೀ ಬಾಯಿಪಾಠ ಮಾಡಿಕೊಂಡು ಹೋದರೆ ನೇರ ಪ್ರಶ್ನೆ ಬಿಡಿಸಬಹುದು. ಸಿಇಟಿಯಲ್ಲಿ ತಪ್ಪಿಗೆ ಮಾರ್ಕು ಕತ್ತರಿಸುವುದಿಲ್ಲ, ಅಲ್ಲಿ ನಡೆದುಹೋಗುತ್ತದೆ. ನೀಟ್‌ನಲ್ಲಿ ಸರಿಗೆ ನಾಲ್ಕು, ತಪ್ಪಿಗೆ ಮೈನಸ್ ಒಂದು. ಪೊಟ್ಯಾಸಿಯಂನಂಥ ಪ್ರಶ್ನೆ ಬಂದರೆ ಬಾಯಿಪಾಠ ಮುಳುಗಿಸುತ್ತದೆ. ವಿಡಿಯೋದವರು ಒಂದು ಸಾಲಿನ ಶಾರ್ಟ್‌ಕಟ್ ಕೊಡುತ್ತಾರೆ: ಎನ್ ದೊಡ್ಡದು, ಎಲ್ ಅದಕ್ಕಿಂತ ಚಿಕ್ಕದು, ಎಂನ ಚಿಹ್ನೆ ಬಿಟ್ಟರೆ ಎಲ್‌ನಷ್ಟೇ ಅಥವಾ ಅದಕ್ಕಿಂತ ಚಿಕ್ಕದು. ಇದು ಸರಿ, ನಾನೂ ಹೇಳಿಕೊಡುತ್ತೇನೆ. ಅಪಾಯ ಏನಂದರೆ ಮೂರು ಅಂಕಿ ನೋಡಿ ನಾಲ್ಕನೆಯದನ್ನು ಮರೆತುಬಿಡುತ್ತಾರೆ. 2, 1, 0, 0 ಅಂತ ಕೊಟ್ಟರೆ ಟಿಕ್ ಮಾಡಿಬಿಡುತ್ತಾರೆ. ಎಲೆಕ್ಟ್ರಾನಿಗೆ ಸ್ಪಿನ್ 0 ಇಲ್ಲ.

ನಾನು ಹೇಳುವುದು ಒಂದು ಸಂಜೆಯ ಕೆಲಸ. ಎನ್ 3ಕ್ಕೆ ಇರಬಹುದಾದ ಎಲ್ಲ ಗುಂಪುಗಳನ್ನು ಅವಳು ಕೈಯಿಂದಲೇ ಬರೆಯಲಿ, ಹದಿನೆಂಟು ಬರುತ್ತವೆ. ಬೇಸರದ ಕೆಲಸ, ಆದರೆ ಹತ್ತನೆಯದಕ್ಕೆ ಬರುವಷ್ಟರಲ್ಲಿ ಕೈಗೇ ನಿಯಮ ಗೊತ್ತಾಗಿರುತ್ತದೆ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ, ಕನ್ನಡದಲ್ಲೇ, ‘ಇರಬಹುದಾ’, ‘ಜೊತೆಗಾ’, ‘ಈಗ ಇದೆಯಾ’ ಅಂತ ಪೆನ್ಸಿಲಿನಿಂದ ಒಂದು ಪದ ಬರೆದು ಆಮೇಲೆ ಉತ್ತರಕ್ಕೆ ಹೋಗಲಿ. ಇಂಗ್ಲಿಷ್ ಪ್ರಶ್ನೆಯನ್ನು ಕನ್ನಡದಲ್ಲಿ ಯೋಚಿಸುವುದು ನಾಚಿಕೆಯ ವಿಷಯ ಅಲ್ಲ.

ಕೋಚಿಂಗ್ ವಿಷಯ. ಒಂದು ಪಾಠದ ಮೂರು ಉತ್ತರಕ್ಕಾಗಿ ಊರು ಬಿಡಿಸಬೇಡಿ. ಮೊದಲ ವರ್ಷದ ನಡುವೆ ಹಾಸ್ಟೆಲ್ಲಿಗೆ ಹೋದ ಮಕ್ಕಳು ಹೊಂದಿಕೊಳ್ಳುವಷ್ಟರಲ್ಲಿ ಎರಡು ಪಾಠ ಮುಂದೆ ಹೋಗಿರುತ್ತವೆ. ಕಬ್ಬಿನ ಬಿಲ್ಲು ಯಾವಾಗ ಕೈಗೆ ಬರುತ್ತದೆ ಅಂತ ನಿಮಗೇ ಗೊತ್ತು, ಫೀಸು ಮಾತ್ರ ಮೊದಲೇ ಕಟ್ಟಬೇಕು. ವರ್ಷದ ಕೊನೆಗೂ ಎಲ್ಲ ವಿಷಯದಲ್ಲಿ ಹೀಗೇ ಇದ್ದರೆ ಆಗ ಯೋಚಿಸಿ. ಆರ್ಟ್ಸ್ ಇಷ್ಟಪಟ್ಟು ಹೋಗುವವರಿಗೆ ಒಳ್ಳೆಯದು, ಹೆದರಿ ಓಡುವವರಿಗೆ ಅಲ್ಲ. ಅವಳಿಗೆ ಯಾವುದು ಬೇಕು ಅಂತ ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಅದನ್ನು ಕೇಳಿ.

ಜಿಯ ಮಾರ್ಕು ಕೇಳಬೇಕಾ? ಕೇಳಲಿ, ಜಗಳ ಬೇಡ. ಅವಳ ಪಠ್ಯಪುಸ್ತಕದಲ್ಲೇ ಎಸ್, ಪಿ, ಡಿ, ಎಫ್ ಆದ ಮೇಲೆ ಜಿ, ಎಚ್ ಅಂತ ಬರೆದಿದೆ. ಅದೇ ಪುಟ ತೆಗೆದು “ಸರ್, ಇದೊಂದು ಅರ್ಥ ಆಗಲಿಲ್ಲ” ಅಂತ ಕೇಳಿದರೆ ಸಾಕು.

ಹೋಗುವ ಮೊದಲು ಮನೆಯಲ್ಲಿ ಒಂದು ಆಟ ಆಡಲಿ, ನೀವೂ ಕೂತು ನೋಡಿ. ಒಂದು ಮುಷ್ಟಿ ಶೇಂಗಾ ಬೀಜ ಬೇಕು. ಮೂಲೆಯಲ್ಲಿ ಒಂದು ಇಡಲಿ, ಅದು ಎಸ್. ಅದರ ಎರಡು ಬದಿ ಸುತ್ತಿ ಮೂರು ಇಡಲಿ, ಅದು ಪಿ; ಎರಡು ಎರಡರ ಚೌಕ ಆಗುತ್ತದೆ. ಅದರ ಸುತ್ತ ಐದು ಇಟ್ಟರೆ ಡಿ, ಮೂರು ಮೂರರ ಚೌಕ. ಏಳು ಇಟ್ಟರೆ ಎಫ್, ನಾಲ್ಕು ನಾಲ್ಕರ ಚೌಕ. ಒಂದು ಬೀಜ ಅಂದರೆ ಒಂದು ಆರ್ಬಿಟಲ್, ಅಂದರೆ ಎನ್, ಎಲ್, ಎಂ ಮೂರೂ ಗೊತ್ತಾದ ಒಂದು ಅಲೆ, ಪ್ರತಿಯೊಂದರಲ್ಲಿ ಎರಡು ಎಲೆಕ್ಟ್ರಾನ್. ಐದನೇ ಶೆಲ್ಲಿಗೆ ಐದೈದು ಇಪ್ಪತ್ತೈದರ ಚೌಕ ಆಗಬೇಕು, ಆಗ 50 ಎಲೆಕ್ಟ್ರಾನ್. ಎನ್‌ನ ವರ್ಗದ ಎರಡರಷ್ಟು ಅನ್ನುವ ಸೂತ್ರ ಅವರ ಬೋರ್ಡಿನ ಮೇಲೇ ಇರುತ್ತದೆ. ಜಿಯ ಒಂಬತ್ತು ಬೀಜ ತೆಗೆದರೆ ಉಳಿಯುವುದು ಹದಿನಾರು, 32 ಎಲೆಕ್ಟ್ರಾನ್. ಸೂತ್ರ ಮುರಿದುಬೀಳುತ್ತದೆ. ಎಂ -4 ಅನ್ನುವ ಬೀಜ ಆ ಇಪ್ಪತ್ತೈದರಲ್ಲಿ ಒಂದೇ ಒಂದು ಇದೆ, ಆ ಒಂಬತ್ತರ ಸಾಲಿನ ತುದಿಯಲ್ಲಿ. ಅವಳು ಟೆಸ್ಟಿನಲ್ಲಿ ಬರೆದದ್ದು ಅದನ್ನೇ. ಶೇಂಗಾ ಸ್ಟಾಫ್‌ರೂಮಿಗೆ ಒಯ್ಯಬೇಕಾಗಿಲ್ಲ, ಎಣಿಸಿದ ಮೇಲೆ ತಿಂದುಬಿಡಿ.